ಸೌರಫಲಕವಿರುವ ಮನೆಗಳು ಪರಸ್ಪರ ವಿದ್ಯುತ್ ಮಾರಿಕೊಳ್ಳುವಾಗ ನ್ಯಾಯವಾದ ದರ ಯಾವುದು?

ವಿದ್ಯುತ್ ಕಂಪನಿಯು ಮನೆಗಳ ಹೆಚ್ಚುವರಿ ವಿದ್ಯುತ್ತನ್ನು ಕೊಳ್ಳುವ ದರಕ್ಕಿಂತ ಹೆಚ್ಚಾಗಿಯೂ, ಅದೇ ಕಂಪನಿಯು ಗ್ರಾಹಕರಿಗೆ ಮಾರುವ ದರಕ್ಕಿಂತ ಕಡಿಮೆಯಾಗಿಯೂ ಇರುವ ದರದಲ್ಲಿ ಮಾತ್ರ ಇಬ್ಬರಿಗೂ ಲಾಭವಿದೆ. ಆ ಎರಡು ದರಗಳ ಅಂತರವನ್ನು ಹೇಗೆ ಹಂಚಬೇಕೆಂಬುದೇ ನ್ಯಾಯದ ಪ್ರಶ್ನೆ.

ಸುಲಭದ ದಾರಿಯೆಂದರೆ ಎರಡರ ನಡುಮಧ್ಯದ ದರ. ಆದರೆ ನಡುಹಗಲಿನಲ್ಲಿ ಎಲ್ಲರ ಫಲಕಗಳೂ ಒಟ್ಟಿಗೆ ಉತ್ಪಾದಿಸುವುದರಿಂದ, ಮಾರಲು 10 ಯೂನಿಟ್ ಇದ್ದು ನೆರೆಯವರಿಗೆ 4 ಮಾತ್ರ ಬೇಕಾಗುವ ಸಂದರ್ಭ ಬರುತ್ತದೆ. ಉಳಿದ 6 ಯೂನಿಟ್ ಕಂಪನಿಯ ಅಗ್ಗದ ದರಕ್ಕೇ ಹೋಗುತ್ತದೆ. ಆಗ ಮೊದಲು ಬಂದವನಿಗೆ ಒಳ್ಳೆಯ ಬೆಲೆ ಕೊಡುವ ಬದಲು, ಒಟ್ಟು ಆದಾಯವನ್ನು ಎಲ್ಲ ಮಾರಾಟಗಾರರಿಗೂ ಅವರವರು ಕೊಟ್ಟ ಯೂನಿಟ್‌ಗಳ ಪ್ರಮಾಣದಲ್ಲಿ ಹಂಚಲಾಗುತ್ತದೆ. ವಿದ್ಯುತ್ ಯಾವ ಮನೆಯಿಂದ ಯಾವ ಮನೆಗೆ ಹರಿಯಿತೆಂದು ತಂತಿಯಲ್ಲಿ ಗುರುತಿಸಲಾಗದ ಕಾರಣ, ಇದೆಲ್ಲವೂ ಸ್ಮಾರ್ಟ್ ಮೀಟರ್‌ಗಳು 15 ಅಥವಾ 30 ನಿಮಿಷಗಳಿಗೊಮ್ಮೆ ದಾಖಲಿಸುವ ಅಂಕಿಗಳ ಮೇಲಿನ ಲೆಕ್ಕಾಚಾರವೇ ಆಗಿದೆ.

ಲಾಭ ಹಂಚಿಕೆಗೆಂದು ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ ಮಂಡಿಸಿದ ಸೂತ್ರವು ಇನ್ನೂ ಸೂಕ್ಷ್ಮವಾದುದು: ಪ್ರತಿಯೊಂದು ಮನೆ ಉಳಿದವರ ಬೇರೆಬೇರೆ ಉಪಗುಂಪುಗಳಿಗೆ ಸೇರಿದಾಗ ಗುಂಪಿನ ಲಾಭ ಸರಾಸರಿ ಎಷ್ಟು ಹೆಚ್ಚುತ್ತದೆಯೋ ಅಷ್ಟು ಪಾಲು ಆ ಮನೆಗೆ. ತತ್ತ್ವ ಸೊಗಸಾಗಿದ್ದರೂ, 30 ಮನೆಗಳಿದ್ದರೆ 100 ಕೋಟಿಗೂ ಹೆಚ್ಚು ಉಪಗುಂಪುಗಳನ್ನು ಪರಿಗಣಿಸಬೇಕಾಗುವುದರಿಂದ ಸಾಮಾನ್ಯವಾಗಿ ಅಂದಾಜಿಗೇ ತೃಪ್ತಿಪಡಬೇಕಾಗುತ್ತದೆ.

ನನ್ನ ದೃಷ್ಟಿಯಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗುವುದು ತಂತಿ, ಕಂಬ, ಟ್ರಾನ್ಸ್‌ಫಾರ್ಮರ್‌ಗಳ ವೆಚ್ಚ. ಪರಸ್ಪರ ಮಾರಾಟಕ್ಕೆ, ಅವುಗಳ ಬಳಕೆಗಾಗಿ ತೆರುವ ಜಾಲಶುಲ್ಕದಿಂದ ಪೂರ್ಣ ವಿನಾಯಿತಿ ಕೊಟ್ಟರೆ, ಆ ಹೊರೆ ಫಲಕ ಹಾಕಿಸಲಾಗದ ಮನೆಗಳ ಬಿಲ್ಲಿಗೆ ಸೇರುತ್ತದೆ.