ಸಾಲದ ಜಗಳ, ಮಗನ ಹೊಟ್ಟೆನೋವು

ಪ್ರಶ್ನೆ: ನಮ್ಮದು ಹಾಸನದ ಹತ್ತಿರದ ಹಳ್ಳಿ. ಸಾಲ ಮಾಡಿ ಶುಂಠಿ ಹಾಕಿದ್ದೆವು. ಕೊಳೆ ರೋಗ ಬಂದು ಬೆಳೆ ಹೋಯಿತು. ಈಗ ಮನೆಯಲ್ಲಿ ದಿನಾ ಜಗಳ. 8 ವರ್ಷದ ಮಗ ಮೂರು ತಿಂಗಳಿಂದ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ. ಸ್ಕೂಲಿಗೆ ಹೊರಡುವಾಗ ಹೊಟ್ಟೆನೋವು ಅಂತಾನೆ. ಅಜ್ಜಿ ಪಕ್ಕ ಮಲಗಿದ ದಿನ ಸ್ವಲ್ಪ ವಾಸಿ. ಸಾಲ ತೀರಲು ಇನ್ನೂ ಎರಡು ವರ್ಷ ಬೇಕು. ಅಷ್ಟರಲ್ಲಿ ಇವನ ಭವಿಷ್ಯ ಹಾಳಾಗುತ್ತದಾ?

ಉತ್ತರ: ಹಾಗೇನೂ ಆಗಬೇಕಿಲ್ಲ ಅಮ್ಮ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಇದ್ದರೂ ಹೀಗಾಗುತ್ತದೆ. ಏನೂ ಸಿಗದಿದ್ದರೂ ಆ ಹೊಟ್ಟೆನೋವು ನಾಟಕವಲ್ಲ, ನಿಜವಾಗಿಯೂ ನೋಯುತ್ತದೆ. ಹಾಸಿಗೆ ಒದ್ದೆಯಾಯಿತೆಂದು ಬೈಯಬೇಡಿ.

1980ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಜಮೀನಿನ ಬೆಲೆ ಕುಸಿದು ರೈತರು ಸಾಲದಲ್ಲಿ ಮುಳುಗಿದ್ದರು. ರ‍್ಯಾಂಡ್ ಕಾಂಗರ್, ಗ್ಲೆನ್ ಎಲ್ಡರ್ ಮತ್ತು ಜೊತೆಗಾರ ಸಂಶೋಧಕರು ಅಲ್ಲಿನ 451 ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿದರು. ಸಾಲದ ಬಿಸಿ ಮಕ್ಕಳಿಗೆ ಹೆಚ್ಚಾಗಿ ತಟ್ಟಿದ್ದು ಅಪ್ಪ ಅಮ್ಮನ ಮೂಲಕ. ಅವರ ಮನಸ್ಸು ಕುಗ್ಗಿತು, ಒಬ್ಬರ ಮೇಲೊಬ್ಬರು ಸಿಡುಕಿದರು, ಆ ಸಿಡುಕು ಮಕ್ಕಳ ಮೇಲೂ ಹರಿಯಿತು. ಇದರಲ್ಲೇ ನನಗೆ ಭರವಸೆ ಕಾಣುತ್ತದೆ. ಸಾಲ ತೀರುವವರೆಗೆ ನೀವು ಕಾಯಬೇಕಿಲ್ಲ, ಅಲ್ವಾ? ದುಡ್ಡಿನ ಮಾತನ್ನು ಮಗ ಮಲಗಿದ ಮೇಲೆ ಆಡಿ. ಅವನೆದುರು ಜಗಳವಾಗಿಬಿಟ್ಟರೆ ರಾಜಿಯಾಗುವುದನ್ನೂ ಅವನು ನೋಡಲಿ. ಈ ವಯಸ್ಸಿನ ಮಕ್ಕಳು ‘ನನ್ನಿಂದಲೇ ಜಗಳ’ ಅಂದುಕೊಳ್ಳುವುದು ಜಾಸ್ತಿ. “ಬೆಳೆ ಹೋಗಿದೆ, ಅದಕ್ಕೇ ನಮಗೆ ಚಿಂತೆ. ನಿನ್ನ ತಪ್ಪು ಏನೂ ಇಲ್ಲ ಮಗ” ಅಂತ ಬಾಯಿಬಿಟ್ಟು ಹೇಳಿ. ಇದನ್ನು ಅಪ್ಪನೇ ಹೇಳಿದರೆ ಇನ್ನೂ ಒಳ್ಳೆಯದು.

ಅಜ್ಜಿಯ ವಿಷಯ ಬರೆದಿದ್ದೀರಲ್ಲ, ಅದನ್ನು ಓದಿ ಸಮಾಧಾನವಾಯಿತು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ತಂಡ ದಶಕಗಳ ಕಾಲ ಗಮನಿಸಿತು. ಬಡತನ, ಜಗಳ, ಕಾಯಿಲೆ ಎಲ್ಲವೂ ಇದ್ದ ಮನೆಗಳಲ್ಲಿ ಬೆಳೆದವರಲ್ಲೂ ಮೂವರಲ್ಲಿ ಒಬ್ಬರು ಗಟ್ಟಿಯಾಗಿ ನಿಂತರು. ಅವರಿಗೆ ನೆಚ್ಚಿಕೊಳ್ಳಲು ಒಬ್ಬ ದೊಡ್ಡವರಾದರೂ ಇದ್ದರು. ಎಷ್ಟೋ ಕಡೆ ಅದು ಅಜ್ಜಿಯೇ. ಹಾಗಾಗಿ ಸದ್ಯಕ್ಕೆ ಅವನು ಅಜ್ಜಿ ಪಕ್ಕವೇ ಮಲಗಲಿ. ಕ್ಲಾಸ್ ಟೀಚರಿಗೂ ಒಂದು ಮಾತು ಹೇಳಿಡಿ.

ನಿಮ್ಮಿಬ್ಬರ ನಿದ್ದೆ, ಊಟ ಹೇಗಿದೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಯಜಮಾನರು ‘ಬದುಕೇ ಬೇಡ’ ಅಂತ ಒಮ್ಮೆ ಅಂದರೂ ಸುಮ್ನೆ ಅಂದದ್ದು ಎಂದು ಬಿಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಆ ಕ್ಷಣವೇ ಕರೆ ಮಾಡಿ.