ಯಲಚಿ ಗಿಡದ ಕೊಂಬೇಲಿ ಕೆಂಪು ಹಕ್ಕಳೆ

ಪ್ರಶ್ನೆ: ಸರ್, ನಮ್ಮ ಹೊಲದ ಬದುವಿನಲ್ಲಿರೋ ಯಲಚಿ ಗಿಡದ ಸಣ್ಣ ಕೊಂಬೆಗಳ ಮೇಲೆ ಕಂದು ಕೆಂಪು ಹಕ್ಕಳೆ ಥರ ಗಟ್ಟಿಯಾಗಿ ಕೂತಿದೆ, ಇರುವೆ ಮುತ್ತಿದಾವೆ, ಎಲೆಯೆಲ್ಲಾ ಕಪ್ಪಾಗಿದೆ. ಯಾವ ಔಷಧಿ ಹೊಡೀಲಿ?
(ಓದುಗರು, ಪಾವಗಡ)

ಉತ್ತರ: ತಡೀರಿ, ಈಗ್ಲೇ ಏನೂ ಹೊಡೀಬೇಡಿ. ನೀವು ಹೇಳಿರೋದು ನೋಡಿದ್ರೆ ಅದು ಅರಗಿನ ಹುಳು ಇರೋ ಚಾನ್ಸ್ ಜಾಸ್ತಿ, ಶಲ್ಕ ಕೀಟದ (ಗಿಡಕ್ಕೆ ಅಂಟ್ಕೊಂಡು ರಸ ಹೀರೋ ಸಣ್ಣ ಹುಳು) ಜಾತೀದು. ಒಂದು ಚೂರು ಕೆರೆದು ಬೆಂಕಿ ಹತ್ರ ಹಿಡೀರಿ, ಮೆತ್ತಗಾಗಿ ಕರಗಿದ್ರೆ ಅರಗೇ. ಅರ್ಧ ಮಿಲಿಮೀಟರ್ ಇರೋ ಮರಿ ಎಳೇ ರೆಂಬೆ ಹುಡುಕಿ ಮೂತಿ ಚುಚ್ಚಿ ರಸ ಹೀರ್ತಾ ಕೂತ್ಕೊಳುತ್ತೆ, ಹೆಣ್ಣು ಹುಳು ಅಂತೂ ಸಾಯೋವರ್ಗೂ ಅಲ್ಲಿಂದ ಕದಲಲ್ಲ, ಮೈಯಿಂದ ಒಸರೋ ಅಂಟೇ ಅದರ ಮನೆ. ಹೆಚ್ಚಾದ ಸಿಹಿ ರಸ ಹೊರಗೆ ಬಿಡುತ್ತೆ, ಅದಕ್ಕೇ ಇರುವೆ, ಅದಕ್ಕೇ ಎಲೆ ಮೇಲೆ ಕಪ್ಪು ಬೂಷ್ಟು. ಜಾರ್ಖಂಡಲ್ಲಿ ಇದೇ ಯಲಚಿ ಗಿಡಕ್ಕೆ ಹುಳು ಹತ್ತಿಸಿ ಸಾಕ್ತಾರೆ, ನಮ್ಮ ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡೋದೂ ಅರಗೇ, ಹಾಗಾಗಿ ವಿಷ ಹಾಕೋಕೆ ನಂಗೆ ಮನಸ್ಸು ಬರಲ್ಲ. ಹಣ್ಣೇ ಮುಖ್ಯ ಅಂದ್ರೆ ಸೀಸನ್ ಮುಗಿದ್ಮೇಲೆ ಹಕ್ಕಳೆ ಇರೋ ರೆಂಬೆ ಕತ್ತರಿಸಿ, ಕಾಯಿ ಬಿಡೋದು ಹೊಸ ಚಿಗುರಲ್ಲೇ. ಕತ್ತರಿಸಿದ್ದನ್ನ ಬುಡದಲ್ಲೇ ಬಿಡ್ಬೇಡಿ, ಮರಿಗಳು ಮತ್ತೆ ಗಿಡ ಹತ್ತುತ್ವೆ.