ಪವರ್ ಸ್ಟೇರಿಂಗ್ ಪೈಪಿಗೆ ಹೊಸ ದಾರಿ

ಪ್ರಶ್ನೆ: ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. 24 ಎಚ್‌ಪಿಯ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ಇದೆ. ಸ್ಟೇರಿಂಗ್ ಸಿಲಿಂಡರಿಗೆ ಹೋಗುವ ಎರಡು ಪೈಪು ಮುಂದಿನ ಆಕ್ಸಲ್ ಕೆಳಗೆ ಜೋತುಬಿದ್ದಿವೆ. ಒಣ ಸೋಗೆ ಸಿಕ್ಕಿಕೊಂಡು ಒಂದೂವರೆ ವರ್ಷದಲ್ಲಿ ಎರಡು ಸಲ ಕಿತ್ತುಹೋದವು. ಎರಡನೇ ಸಲ ಹತ್ತಿರದ ಗ್ಯಾರೇಜಿನವರು ಪೈಪನ್ನು ಆಕ್ಸಲ್ ಮೇಲಿಂದ ತಂದು, ಕೇಬಲ್ ಟೈ ಹಾಕಿ ಬಿಗಿದುಕೊಟ್ಟರು. ಅದು ಮೂರೇ ತಿಂಗಳಿಗೆ ತುದಿಯಲ್ಲಿ ಒಡೆಯಿತು. ದಾರಿ ಬದಲಿಸಿದ್ದೇ ತಪ್ಪಾ, ಬದಲಿಸಿದ ರೀತಿ ತಪ್ಪಾ?
— ಒಬ್ಬ ಅಡಿಕೆ ಬೆಳೆಗಾರರು, ಚನ್ನಗಿರಿ ತಾಲ್ಲೂಕು

ಉತ್ತರ: ನೀವು ಕಳಿಸಿದ ಎರಡೂ ಫೋಟೋ ನೋಡಿದೆ. ದಾರಿ ಸರಿಯಾಗಿದೆ. ಕಟ್ಟಿದ ರೀತಿ ತಪ್ಪು.

ನನ್ನ ಗ್ಯಾರೇಜು ಗುಬ್ಬಿ ಕಡೆ, ಸುತ್ತ ಅಡಿಕೆ, ತೆಂಗಿನ ತೋಟಗಳೇ. ಸೋಗೆ ಎಳೆದು ಕಿತ್ತ ಪೈಪು ವರ್ಷಕ್ಕೆ ಹತ್ತಾರು ಬರುತ್ತವೆ. ಸೋಗೆಯ ದಿಂಡು ನೆಲದಲ್ಲಿ ಅಡ್ಡ ಬಿದ್ದಿರುತ್ತದೆ. ಚಕ್ರ ಅದರ ಒಂದು ತುದಿ ತುಳಿದರೆ ಇನ್ನೊಂದು ತುದಿ ಎದ್ದು ನಿಲ್ಲುತ್ತದೆ, ನೇರ ಪೈಪಿನ ಜೋಲಿಗೆ ಹೋಗಿ ಸೇರಿಕೊಳ್ಳುತ್ತದೆ. ಗಾಡಿ ಮುಂದೆ ಹೋದ ಹಾಗೆ ಪೈಪು ಹಿಂದಕ್ಕೆ ಜಗ್ಗುತ್ತದೆ. ಹಾಗಾಗಿ ಪೈಪು ಆಕ್ಸಲ್ ಕೆಳಗಿರಬಾರದು ಅಂತ ನೀವು ಅಂದುಕೊಂಡಿದ್ದು ನೂರಕ್ಕೆ ನೂರು ನಿಜ.

ಆದರೆ ಮುಂದಿನ ಆಕ್ಸಲ್ ಒಂದು ಕಡೆ ನಿಂತ ವಸ್ತು ಅಲ್ಲ. ಅದು ನಡುವಿನ ಪಿನ್ ಮೇಲೆ ತಕ್ಕಡಿಯ ದಂಡಿಗೆಯ ಹಾಗೆ ತೂಗುತ್ತದೆ. ಎಡ ಚಕ್ರ ಬದು ಹತ್ತಿದರೆ ಬಲ ಚಕ್ರ ಇಳಿಯುತ್ತದೆ. ನಿಮ್ಮ ಗ್ಯಾರೇಜಿನವರು ಪೈಪಿನ ಒಂದು ಟೈ ಫ್ರೇಮಿಗೆ, ಇನ್ನೊಂದು ಟೈ ಆಕ್ಸಲ್‌ನ ತುದಿಯ ಹತ್ತಿರ ಹಾಕಿದ್ದಾರೆ. ಮಧ್ಯೆ ಒಂದಿಷ್ಟೂ ಸಡಿಲ ಬಿಟ್ಟಿಲ್ಲ. ಬದು ದಾಟಿದಾಗಲೆಲ್ಲ ಪೈಪು ಎಳೆಸಿಕೊಂಡಿದೆ. ತುದಿಯಲ್ಲಿ ಒತ್ತಿ ಕೂರಿಸಿದ ಕಬ್ಬಿಣ ಬಗ್ಗುವುದಿಲ್ಲ, ಅದರ ಪಕ್ಕದ ರಬ್ಬರು ಬಗ್ಗುತ್ತದೆ. ಒಂದೇ ಜಾಗದಲ್ಲಿ ಸಾವಿರಾರು ಸಲ ಬಗ್ಗಿದರೆ ಒಳಗಿನ ತಂತಿ ಒಂದೊಂದೇ ಕಡಿಯುತ್ತದೆ. ಅಲ್ಲೇ ಒಡೆದಿದ್ದು.

ಹಾಗಾದರೆ ಪೈಪು ಫ್ರೇಮಿನಿಂದ ಆಕ್ಸಲ್‌ಗೆ ಎಲ್ಲಿ ದಾಟಬೇಕು? ಆ ನಡುವಿನ ಪಿನ್ ಹತ್ತಿರ. ಮಕ್ಕಳು ಏರಿಳಿಯುವ ಸೀಸಾ ಹಲಗೆಯ ತುದಿ ಒಂದು ಅಡಿ ಏಳುವಾಗ ನಡುವೆ ಬೆರಳಷ್ಟೂ ಅಲುಗಾಡುವುದಿಲ್ಲ ಅಲ್ವಾ? ಹಾಗೆ. ಡ್ಯಾಶ್‌ಬೋರ್ಡ್ ಕೆಳಗಿನ ಸ್ಟೇರಿಂಗ್ ಯೂನಿಟ್ಟಿನಿಂದ ಎರಡೂ ಪೈಪನ್ನು ಇಂಜಿನ್ ಪಕ್ಕದಲ್ಲಿ, ಸೈಲೆನ್ಸರ್ ಇಲ್ಲದ ಬದಿಯಲ್ಲಿ ತನ್ನಿ. ಮುಂದಿನ ಆಕ್ಸಲ್ ಹೊತ್ತ ಸಪೋರ್ಟಿನ ಒಳಬದಿಗೆ ಒಂದು ಕ್ಲಾಂಪ್. ಅಲ್ಲಿಂದ ಪಿನ್ ಹತ್ತಿರ ಆಕ್ಸಲ್ ಮೇಲೆ ಇಳಿಸಿ, ಇನ್ನೊಂದು ಕ್ಲಾಂಪ್. ಈ ಎರಡರ ಮಧ್ಯೆ ಪೈಪು ಸಡಿಲವಾಗಿ ಒಂದು ಬಿಲ್ಲಿನ ಆಕಾರದಲ್ಲಿ ಇರಲಿ. ಬಿಲ್ಲು ಮೇಲ್ಮುಖವಾಗಿರಲಿ, ಕೆಳಗೆ ಜೋಲುವುದು ಬೇಡ. ಫೋರ್ ವೀಲ್ ಡ್ರೈವ್ ಆದ್ದರಿಂದ ಮುಂದಕ್ಕೆ ಹೋಗುವ ಶಾಫ್ಟ್ ಕೂಡ ಅಲ್ಲೇ ಇದೆ. ಅದರ ಕವರಿಗೂ ಪೈಪು ತಾಗಬಾರದು.

ಆಕ್ಸಲ್ ಮೇಲೆ ಬಂದಮೇಲೆ ಸಿಲಿಂಡರ್ ಯಾವ ಬಗೆಯದು ನೋಡಿ. ನಿಮ್ಮದು ಎರಡೂ ಕಡೆ ರಾಡ್ ಬರುವ, ಆಕ್ಸಲ್‌ಗೆ ಬೋಲ್ಟ್ ಮಾಡಿದ ಸಿಲಿಂಡರ್. ಅದರ ಪೋರ್ಟು, ಅಂದರೆ ಪೈಪು ಸೇರುವ ಬಾಯಿ, ಆಕ್ಸಲ್ ಮೇಲೆ ಜಾಗ ಬದಲಿಸುವುದಿಲ್ಲ. ಆದ್ದರಿಂದ ಕೆಲಸ ಸುಲಭ. ಒಂದೇ ಕಡೆ ರಾಡ್ ಇದ್ದು, ಹಿಂದಿನ ತುದಿ ಪಿನ್ ಮೇಲೆ ಆಡುವ ಸಿಲಿಂಡರ್ ಆದರೆ ಅಲ್ಲಿ ಕೂಡ ಒಂದು ಸಡಿಲ ಸುತ್ತು ಬಿಡಬೇಕಾಗುತ್ತಿತ್ತು.

ಈಗ ಹೋಸ್, ಅಂದರೆ ಈ ರಬ್ಬರ್ ಪೈಪಿಗೆ ತುದಿ ಒತ್ತಿಸುವ ಅಂಗಡಿಗೆ ಓಡಬೇಡಿ. ಮೊದಲು ತೋಟದಲ್ಲಿ ಬಿದ್ದಿರುವ 16 ಎಂಎಂ ಡ್ರಿಪ್ ಪೈಪಿನ ಎರಡು ತುಂಡು ತನ್ನಿ. ಕಾಲು ಇಂಚಿನ, ಎರಡು ಪದರ ತಂತಿಯ ಹೋಸಿನ ಹೊರದಪ್ಪ ಹೆಚ್ಚುಕಡಿಮೆ ಅಷ್ಟೇ. ಆ ತುಂಡನ್ನು ಹೊಸ ದಾರಿಯಲ್ಲಿ ಇಟ್ಟು, ಎರಡೂ ತುದಿ ದಾರದಲ್ಲಿ ಕಟ್ಟಿ. ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಮುಂದಿನ ಎಡ ಚಕ್ರವನ್ನು ಜಾಕ್‌ನಲ್ಲಿ ಎತ್ತಿ, ಕೆಳಗೆ ಮರದ ದಿಮ್ಮಿ ಕೊಡಿ. ಬರೀ ಜಾಕ್ ನಂಬಬೇಡಿ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಆಮೇಲೆ ಬಲ ಚಕ್ರ ಎತ್ತಿ ಹಾಗೇ ಮಾಡಿ. ನಾಲ್ಕು ಸ್ಥಿತಿಯಲ್ಲಿ ಎಲ್ಲೂ ಡ್ರಿಪ್ ಪೈಪು ಬಿಗಿಯಬಾರದು, ಟೈರಿಗೆ ತಾಗಬಾರದು, ಮಡಿಚಿ ಬೀಳಬಾರದು. ಸಾಲಿನ ಮಧ್ಯೆ ಓಡಾಡಲಿ ಅಂತ ನೀವು ಮುಂದಿನ ಚಕ್ರ ಒಳಗೆ ತಂದಿದ್ದೀರಿ, ಫೋಟೋದಲ್ಲಿ ಕಾಣುತ್ತದೆ. ಆದ್ದರಿಂದ ಟೈರಿನ ಒಳ ಅಂಚನ್ನು ಜಾಸ್ತಿ ಗಮನಿಸಿ.

ಡ್ರಿಪ್ ಪೈಪು ಮಡಿಚಿತು ಅಂದರೆ ಆ ತಿರುವು ಹೋಸಿಗೂ ಬಲು ಬಿಗಿ. ಕಾಲು ಇಂಚಿನ ಎರಡು ಪದರದ ಹೋಸು 100 ಎಂಎಂ, ಅಂದರೆ ನಾಲ್ಕು ಇಂಚಿನ ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಗ್ಗಬಾರದು. ಎಂಟು ಇಂಚಿನ ತಿಂಡಿ ತಟ್ಟೆ ಪಕ್ಕದಲ್ಲಿ ಹಿಡಿದು ನೋಡಿ. ತಟ್ಟೆಯ ಅಂಚಿಗಿಂತ ಬಿಗಿಯಾಗಿ ಹೋಸು ತಿರುಗಿದರೆ ತಪ್ಪು. ಮೂರು ಎಂಟನೇ (3/8) ಇಂಚಿನ ಹೋಸಾದರೆ 130 ಎಂಎಂ ಬೇಕು. ಜಾಗ ಸಾಲದಿದ್ದರೆ ಹೋಸನ್ನು ಬಗ್ಗಿಸಬೇಡಿ, ತುದಿಗೆ ಎಲ್ಬೋ (ಮೊಣಕೈಯಂತೆ ಬಾಗಿದ ತುಂಡು) ಹಾಕಿಸಿ.

ಉದ್ದ ಅಳೆಯುವಾಗ ಇನ್ನೊಂದು ವಿಷಯ. ಒತ್ತಡ ಬಿದ್ದಾಗ ಹೋಸು ನೂರಕ್ಕೆ ನಾಲ್ಕರ ತನಕ ಗಿಡ್ಡ ಆಗಬಹುದು. ಒಂದು ಮೀಟರ್ ಪೈಪು ನಾಲ್ಕು ಸೆಂಟಿಮೀಟರ್ ಕುಗ್ಗಿದರೆ ಏನಾಗುತ್ತದೆ ಯೋಚಿಸಿ. ಡ್ರಿಪ್ ತುಂಡಿನ ಅಳತೆಗೆ ಅಷ್ಟು ಸೇರಿಸಿಯೇ ಕತ್ತರಿಸಲು ಹೇಳಿ.

ಅಂಗಡಿಗೆ ಹಳೇ ಪೈಪು ಎರಡನ್ನೂ ತೆಗೆದುಕೊಂಡು ಹೋಗಿ. ನಿಮ್ಮ ಕಡೆ ದಾವಣಗೆರೆ, ಶಿವಮೊಗ್ಗದಲ್ಲಿ ಜೆಸಿಬಿ ಹೋಸ್ ಒತ್ತುವ ಅಂಗಡಿಗಳಲ್ಲಿ ಈ ಕೆಲಸ ಆಗುತ್ತದೆ. ತುದಿಯ ಥ್ರೆಡ್ಡನ್ನು ಹಳೇದಕ್ಕೆ ಹೋಲಿಸಿಯೇ ತೆಗೆದುಕೊಳ್ಳಿ. ಬಿಎಸ್‌ಪಿ ಥ್ರೆಡ್ಡು (ಬ್ರಿಟಿಷ್ ಇಂಚಿನ ಲೆಕ್ಕದ್ದು), ಮೆಟ್ರಿಕ್ ಥ್ರೆಡ್ಡು (ಎಂಎಂ ಲೆಕ್ಕದ್ದು) ನೋಡಲು ಒಂದೇ ಥರ ಇರುತ್ತವೆ, ಎರಡು ಸುತ್ತು ಹಿಡಿಯುತ್ತವೆ ಕೂಡ. ಮೂರನೇ ಸುತ್ತಿಗೆ ಬಿಗಿ ಆದರೆ ನಿಲ್ಲಿಸಿ. ಜೋರು ಮಾಡಿದರೆ ಸ್ಟೇರಿಂಗ್ ಯೂನಿಟ್ಟಿನ ಪೋರ್ಟೇ ಹಾಳಾಗುತ್ತದೆ. ಅದರ ಬೆಲೆ ಮುಂದೆ ಹೋಸಿನ ಬೆಲೆ ಏನೇನೂ ಅಲ್ಲ. ಎರಡೂ ತುದಿಗೆ ಎಲ್ಬೋ ಇದ್ದರೆ, ಒಂದು ಎಲ್ಬೋ ಈ ಕಡೆ ನೋಡಿದಾಗ ಇನ್ನೊಂದು ಯಾವ ಕಡೆ ನೋಡಬೇಕು ಅಂತ ಡ್ರಿಪ್ ತುಂಡಿನ ಮೇಲೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದುಕೊಂಡು ಹೋಗಿ. ಈ ಗೆರೆ ಇಲ್ಲದೆ ಒತ್ತಿಸಿದ ಹೋಸು ತಿರುಚಿಕೊಂಡೇ ಕೂರುತ್ತದೆ.

ಹೋಸಿನ ಮೈಮೇಲೆ ಅಚ್ಚಾದ ಸಾಲನ್ನು ಓದಿ. 2ಎಸ್‌ಎನ್ ಅಂತಿದ್ದರೆ ಎರಡು ಪದರ ತಂತಿ. ಕಾಲು ಇಂಚಿನದು 400 ಬಾರ್ (ಒತ್ತಡದ ಅಳತೆ) ಕೆಲಸದ ಒತ್ತಡಕ್ಕೆ ಮಾಡಿದ್ದು, ನಿಮ್ಮ ಸ್ಟೇರಿಂಗಿಗೆ ಧಾರಾಳ ಆಯಿತು. ಅಲ್ಲೇ ತಯಾರಾದ ಮೂರು ತಿಂಗಳ ಅವಧಿ, ವರ್ಷ ಕೂಡ ಅಚ್ಚಾಗಿರುತ್ತದೆ. 3ಕ್ಯೂ24 ಅಂದರೆ 2024ರ ಮೂರನೇ ಅವಧಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿಸಿಲಿಗೆ ನೇತಾಡಿದ ಹೋಸು ಬೇಡ. ಹಳೇ ಪೈಪಿಗೆ ಮಧ್ಯೆ ನಿಪ್ಪಲ್ (ಜೋಡಿಸುವ ತುಂಡು) ಹಾಕಿ ಉದ್ದ ಮಾಡಿಕೊಡುತ್ತೇನೆ ಅಂದರೆ ಒಪ್ಪಲೇಬೇಡಿ.

ಆ ಅಚ್ಚಿನ ಸಾಲು ಜೋಡಿಸುವಾಗಲೂ ಉಪಯೋಗಕ್ಕೆ ಬರುತ್ತದೆ. ಬಿಗಿದ ಮೇಲೆ ಆ ಸಾಲು ಹೋಸಿನ ಉದ್ದಕ್ಕೂ ಒಂದೇ ಬದಿಯಲ್ಲಿ ಇರಬೇಕು. ಹಾವಿನ ಹಾಗೆ ಸುತ್ತಿಕೊಂಡಿದ್ದರೆ ಹೋಸು ತಿರುಚಿದೆ ಅಂತ ಅರ್ಥ. ಬಿಚ್ಚಿ ಮತ್ತೆ ಹಾಕಿ. ಎರಡು ಸ್ಪ್ಯಾನರ್ ಬೇಕು, ಒಂದರಲ್ಲಿ ತುದಿ ಹಿಡಿದು ಇನ್ನೊಂದರಲ್ಲಿ ನಟ್ಟು ತಿರುಗಿಸಿ. ಕೋನ್ ಆಕಾರದ ತುದಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಟೇಪಿನ ಚೂರು ಒಳಗೆ ಹೋದರೆ ಸ್ಟೇರಿಂಗ್ ಯೂನಿಟ್ ಕೆಡುತ್ತದೆ.

ಬಿಚ್ಚುವ ಮೊದಲು ಆ ಜಾಗ ಚೆನ್ನಾಗಿ ತೊಳೆದು ಒಣಗಿಸಿ. ಇಂಜಿನ್ ಆರಿಸಿ, ಸ್ಟೇರಿಂಗನ್ನು ಎರಡೂ ಕಡೆ ಆಡಿಸಿ ಒತ್ತಡ ಇಳಿಸಿ. ತೆರೆದ ಪೋರ್ಟಿಗೆ ತಕ್ಷಣ ಶುದ್ಧ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಗ್ಯಾರೇಜಿನ ಕಾಟನ್ ವೇಸ್ಟ್ ತುರುಕಬೇಡಿ, ಎಳೆ ಬಿಡುತ್ತದೆ. ಕ್ಲಾಂಪು ರಬ್ಬರ್ ಒಳಪದರ ಇರುವುದೇ ಆಗಬೇಕು. ಕೇಬಲ್ ಟೈ ಮಣ್ಣು ಸೇರಿ ಗರಗಸದ ಹಾಗೆ ಉಜ್ಜುತ್ತದೆ. ಡೀಸೆಲ್ ಪೈಪಿಗೆ, ವೈರಿಗೆ ಜೊತೆ ಮಾಡಿ ಕಟ್ಟಬೇಡಿ.

ಎಲ್ಲ ಜೋಡಿಸಿದ ಮೇಲೆ ಮುಂದಿನ ಚಕ್ರ ಎರಡೂ ನೆಲ ಬಿಟ್ಟಿರುವ ಹಾಗೆ ದಿಮ್ಮಿ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡಿ. ಬಲಕ್ಕೆ ತಿರುಗಿಸಿದರೆ ಚಕ್ರ ಎಡಕ್ಕೆ ಹೋದರೆ ಪೈಪು ಅದಲುಬದಲಾಗಿದೆ, ಸಿಲಿಂಡರ್ ಕಡೆ ಬದಲಿಸಿ. ಇದನ್ನು ನೆಲಕ್ಕೆ ಇಳಿಸುವ ಮುಂಚೆಯೇ ನೋಡಬೇಕು. ಆಮೇಲೆ ಇಂಜಿನ್ ನಿಧಾನದಲ್ಲಿ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತು ಸಲ ಮೆಲ್ಲಗೆ ತಿರುಗಿಸಿ. ಗಾಳಿ ಹೊರಗೆ ಬರುತ್ತದೆ. ತುದಿಯಲ್ಲಿ ಹಿಡಿದು ನಿಲ್ಲಿಸಬೇಡಿ. ಎಣ್ಣೆ ಮಟ್ಟ ನೋಡಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ತುಂಬಿ.

ಸೋರಿಕೆ ಹುಡುಕುವಾಗ ಮಾತ್ರ ಕೈ ಹಾಕಬೇಡಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಬಹಳ ವರ್ಷದ ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ, ಇಂಜಿನ್ ಓಡುತ್ತಿರುವಾಗ ಹೋಸಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಮುಳ್ಳು ಚುಚ್ಚಿದ ಹಾಗಾಯಿತು ಅಂದ. ನೋಡಿದರೆ ಒಂದು ಚುಕ್ಕೆ, ರಕ್ತವೂ ಇಲ್ಲ. ಸುಮ್ನೆ ಸೋಪು ಹಾಕಿ ತೊಳ್ಕೋ ಅಂದೆ ನಾನು. ರಾತ್ರಿ ಹೊತ್ತಿಗೆ ಕೈ ಊದಿಕೊಂಡಿತು. ಸೂಜಿ ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮ ಸೀಳಿ ಒಳಗೆ ಹೋಗಿತ್ತು. ಅಂಗೈ ತನಕ ಕುಯ್ದು ತೊಳೆಯಬೇಕಾಯಿತು. ಬೆರಳು ಉಳಿಯಿತು, ಪೂರ್ತಿ ಮಡಚಲು ಬರುವುದಿಲ್ಲ. ನಾನು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ರಟ್ಟಿನ ತುಂಡು ಉದ್ದದ ಕಡ್ಡಿಗೆ ಕಟ್ಟಿ ಹೋಸಿನ ಹತ್ತಿರ ಹಿಡಿಯಿರಿ, ಎಣ್ಣೆ ಚಿಮ್ಮಿದರೆ ರಟ್ಟಿನ ಮೇಲೆ ಕಲೆ ಬೀಳುತ್ತದೆ. ಯಾರಿಗಾದರೂ ಹೀಗೆ ಚುಚ್ಚಿದರೆ, ನೋವಿಲ್ಲದಿದ್ದರೂ ಅದೇ ಗಳಿಗೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಹೋಗಿ, ‘ಒತ್ತಡದ ಎಣ್ಣೆ ಒಳಗೆ ಹೋಗಿದೆ’ ಅಂತಲೇ ಹೇಳಿ.

ಪ್ರಶ್ನೆ: ದ್ರಾಕ್ಷಿ ಚಪ್ಪರದ ಕೆಳಗೆ ಓಡಿಸಲು ಮೇಲಿನ ಸೈಲೆನ್ಸರ್ ತೆಗೆಸಿ ಕೆಳಗೆ ತಿರುಗಿಸಿದ್ದೇನೆ. ಈಗ ಸ್ಟೇರಿಂಗ್ ಪೈಪು ಅದರಿಂದ ಎರಡು ಬೆರಳು ದೂರ ಇದೆ. ಸಾಕಾಗುತ್ತದೆಯೇ?
— ಒಬ್ಬ ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಸಾಲದು. ಸಾಮಾನ್ಯ ಹೈಡ್ರಾಲಿಕ್ ಹೋಸು 100 ಡಿಗ್ರಿ ತನಕದ ಬಿಸಿಗೆ ಮಾಡಿದ್ದು. ರೋಟವೇಟರ್ ಎಳೆಯುವಾಗ ಸೈಲೆನ್ಸರಿನ ಬಿಸಿ ಅದರ ಎಷ್ಟೋ ಪಟ್ಟು ಏರುತ್ತದೆ. ಹೋಸು ಮೊದಲು ಗಟ್ಟಿಯಾಗುತ್ತದೆ, ಬೆರಳಲ್ಲಿ ಬಗ್ಗಿಸಿದರೆ ಮೇಲೆ ಸಣ್ಣ ಬಿರುಕು ಕಾಣುತ್ತದೆ. ಅಂಥ ಹೋಸು ಒಡೆದು ಎಣ್ಣೆ ಸೈಲೆನ್ಸರ್ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಆಗುವುದಾದರೆ ಎರಡೂ ಪೈಪನ್ನು ಇಂಜಿನ್‌ನ ಆಚೆ ಬದಿಗೆ ಹಾಕಿಸಿ. ಮೇಲೆ ಹೇಳಿದ ಅಳತೆಯ ಕ್ರಮವೇ ನಿಮಗೂ. ಆಗುವುದೇ ಇಲ್ಲ ಅಂದರೆ ಕನಿಷ್ಠ ಒಂದು ಗೇಣು ದೂರ ಮಾಡಿ, ಮಧ್ಯೆ ತಗಡಿನ ಗೋಡೆ ಕೊಡಿಸಿ. ತಗಡು ಸೈಲೆನ್ಸರಿಗೂ ಅಂಟಬಾರದು, ಹೋಸಿಗೂ ಅಂಟಬಾರದು, ಗಾಳಿ ಆಡಬೇಕು. ಈಗಿರುವ ಹೋಸು ಎಷ್ಟು ದಿನ ಬಿಸಿ ತಿಂದಿದೆಯೋ, ಅದನ್ನೇ ಹೊಸ ದಾರಿಗೆ ಹಾಕಬೇಡಿ.

ಪ್ರಶ್ನೆ: ಗಾಡಿ ವಾರಂಟಿಯಲ್ಲಿದೆ. ಪೈಪಿನ ದಾರಿ ನಾವೇ ಬದಲಿಸಬಹುದಾ?
— ಒಬ್ಬ ಓದುಗರು, ತರೀಕೆರೆ

ಉತ್ತರ: ಮೊದಲು ಡೀಲರಿಗೆ ಫೋಟೋ ಸಮೇತ ಬರೆದು ಕೇಳಿ. ಒಪ್ಪಿದರೆ ಅವರ ಕೈಯಲ್ಲೇ ಮಾಡಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮುಂದೆ ಪಂಪ್ ಕೆಟ್ಟಾಗ ಕೆಲಸಕ್ಕೆ ಬರುವುದಿಲ್ಲ. ಅಲ್ಲಿಯವರೆಗೆ ಆಕ್ಸಲ್ ಮುಂದೆ ಒಂದು ಕಬ್ಬಿಣದ ಪಟ್ಟಿ ಅಡ್ಡ ಕೊಡಿಸಿ, ಸೋಗೆ ತಡೆಯುತ್ತದೆ.

ಪ್ರಶ್ನೆ: ಎಲ್ಲ ಪೈಪು ಹೊಸದು ಹಾಕಿಸಿದೆ. ಎಲ್ಲೂ ಸೋರುವುದಿಲ್ಲ. ಆದರೂ ತಿರುಗಿಸಿದಾಗ ಕೊಂಯ್ ಅನ್ನುತ್ತದೆ, ಟ್ಯಾಂಕಿನಲ್ಲಿ ನೊರೆ ಬರುತ್ತದೆ.
— ಒಬ್ಬ ಓದುಗರು, ಹಾವೇರಿ

ಉತ್ತರ: ಟ್ಯಾಂಕಿನಿಂದ ಪಂಪಿಗೆ ಹೋಗುವ ದಪ್ಪ ಪೈಪು ನೋಡಿ. ಅದು ಎಣ್ಣೆ ಹೀರುವ ಪೈಪು. ಅಲ್ಲಿ ಕ್ಲಿಪ್ ಸಡಿಲ ಇದ್ದರೆ ಎಣ್ಣೆ ಹೊರಗೆ ಬರದೆಯೇ ಗಾಳಿ ಒಳಗೆ ಹೋಗುತ್ತದೆ. ಇಂಜಿನ್ ನಿಧಾನವಾಗಿ ಓಡುವಾಗ ಫ್ಯಾನು, ಬೆಲ್ಟು ಹತ್ತಿರ ಕೈ ಹೋಗದಂತೆ ನೋಡಿಕೊಂಡು, ಎಣ್ಣೆ ಕ್ಯಾನಿನಿಂದ ಆ ಜೋಡಣೆ ಮೇಲೆ ಸ್ವಲ್ಪ ದಪ್ಪ ಎಣ್ಣೆ ಬಿಡಿ. ಒಂದು ಕ್ಷಣ ಸದ್ದು ಬದಲಾದರೆ ಗಾಳಿ ಅಲ್ಲೇ ಹೋಗುತ್ತಿದೆ. ಇಂಜಿನ್ ಆರಿಸಿ ಕ್ಲಿಪ್ ಬದಲಿಸಿ, ಒಂದು ರಾತ್ರಿ ಗಾಡಿ ನಿಲ್ಲಿಸಿ ನೊರೆ ಇಳಿಯಲು ಬಿಡಿ, ಬೆಳಿಗ್ಗೆ ಎಣ್ಣೆ ಮಟ್ಟ ನೋಡಿ ತುಂಬಿ.